ನಲವತ್ತರಲ್ಲಿ ಒಂದು

ಕತ್ತು ಬಗ್ಗಿಸಬೇಡಿ ಅಂತ ಹೇಳಿಹೋದಳು
ತೋಕುನಾಗರ ಸೊಸೆ, ಕಾಗದದ ಕಟ್ಟು ಕೈಗಿಟ್ಟು.
ಕಾಯಿಲೆಯವರಿಗೆ ಕೊಡುವ ಕೊಕ್ಕರೆ
ತಲೆ ತಗ್ಗಿಸಬಾರದಂತೆ, ಅಪಶಕುನ.
ಬೇರಿರುವ ಹೂಕುಂಡ ಆಸ್ಪತ್ರೆಗೆ ಒಯ್ದರೆ
ಹಾಸಿಗೆಯಲ್ಲೇ ಬೇರುಬಿಡುತ್ತಾರಲ್ಲ,
ಇದೂ ಹಾಗೆಯೇ.
ಓಣಿಯಲ್ಲಿ ಇಪ್ಪತ್ತೈದು ಮನೆ,
ಮನೆಗೆ ನಲವತ್ತು, ಒಟ್ಟು ಸಾವಿರ.
ಯಾರಿಗೆ ಅಂತ ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ,
ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಕಿನುಎ. ನನ್ನ ಅಕ್ಕ.
ಇದೇ ಓನೊಮಿಚಿಯ ಇದೇ ಗುಡ್ಡದಲ್ಲಿ
ನನಗಿಂತ ಅರವತ್ತೆರಡು ಮೆಟ್ಟಿಲು ಮೇಲೆ ಅವಳ ಮನೆ.
ಬೆಕ್ಕುಗಳು ಹತ್ತುತ್ತವೆ, ಅಂಚೆಯವನು ಹತ್ತುತ್ತಾನೆ.
ನಾನು ಹತ್ತಿ ಹನ್ನೊಂದು ವರ್ಷ.

ಮೂರು ಸಲ ಕೈ ತೊಳೆದೆ.
ಹಗಲಿಡೀ ಒಣಮೀನು ಆರಿಸುವ ಬೆರಳು,
ಸೋಪಿಗೆ ಜಗ್ಗುವ ವಾಸನೆಯಲ್ಲ ಅದು.
ಮೂಲೆಗೆ ಮೂಲೆ. ಉಗುರಿನಿಂದ ಒಂದು ಗೀರು.
ಮತ್ತೆ ಮಡಿಚು. ಜೇಬಿನಂತೆ ಬಿಚ್ಚಿ ಚಪ್ಪಟೆ ಮಾಡು.
ಎರಡೂ ಅಂಚು ನಡುಗೆರೆಗೆ ತಂದು, ಬಿಟ್ಟು,
ಒಂದು ಪದರ ಮೇಲೆತ್ತಿದರೆ
ಮೀನಿನ ಹಾಗೆ ಬಾಯಿ ತೆರೆಯುತ್ತದೆ ಕಾಗದ.
ಕಲಿಯುವವರಿಗೆ ಇಲ್ಲಿ ಹೆದರಿಕೆ,
ಹರಿದೀತು ಅಂತ.
"ಹರಿಯಲ್ಲ ಕಣೇ, ಮೊದಲೇ ಗೆರೆ ಹಾಕಿದ್ದೀಯಲ್ಲ,
ಅದಕ್ಕೆ ದಾರಿ ಗೊತ್ತು" ಅಂದಿದ್ದಳು ಅಕ್ಕ.
ನನಗೆ ಐದು, ಅವಳಿಗೆ ಒಂಬತ್ತು,
ಅಪ್ಪನ ದೋಣಿ ಬರುವುದು ತಡವಾದ ರಾತ್ರಿ,
ಅಕ್ಕಿ ಅಂಗಡಿಯ ಚೀಟಿಯನ್ನೇ ಚೌಕ ಹರಿದು.

ಕೊಕ್ಕರೆಗೆ ಸಾವಿರ ವರ್ಷ ಆಯಸ್ಸು,
ಆಮೆಗೆ ಹತ್ತು ಸಾವಿರ, ಎನ್ನುತ್ತಾರೆ ನಮ್ಮಲ್ಲಿ.
ನಮ್ಮಿಬ್ಬರಿಗೆ ಒಂದು ಮಾತು ಸಾಕಾಯಿತು.
ಆ ಮಾತೂ ಈಗ ಸರಿಯಾಗಿ ನೆನಪಿಲ್ಲ,
ದೋಣಿ ಮಾರಿದ ದುಡ್ಡಿನದು.
ನೆನಪಿರುವುದು ಅದರ ಮರುದಿನ:
ಸುಡುವ ಮನೆಯ ಕಬ್ಬಿಣದ ತಟ್ಟೆ, ಬಿಸಿಯಾರದ ಬೂದಿ,
ಅಮ್ಮನ ಎಲುಬು.
ಒಂದೊಂದನ್ನೂ ಇಬ್ಬರು ಸೇರಿ ಎತ್ತಬೇಕು,
ಆ ಕಡೆಯಿಂದ ಒಂದು ಜೊತೆ ಕಡ್ಡಿ, ಈ ಕಡೆಯಿಂದ ಒಂದು.
ಅಕ್ಕ ಹಿಡಿದು ಕಾದಳು.
ನಾನು ಕಡ್ಡಿ ಕೆಳಗಿಟ್ಟೆ.
ಅವಳೊಬ್ಬಳೇ ಎತ್ತಿದಳು, ಕೈ ನಡುಗಲಿಲ್ಲ,
ಅದಕ್ಕೇ ಇನ್ನಷ್ಟು ಸಿಟ್ಟು ಬಂತು ನನಗೆ.

ಹದಿನೇಳು. ಹದಿನೆಂಟು.
ಎದುರು ದ್ವೀಪದ ಹಡಗುಕಟ್ಟೆಯಲ್ಲಿ ದೀಪ ಆರಿದವು.
ಕತ್ತು ನೆಟ್ಟಗೆ, ಬಾಲ ನೆಟ್ಟಗೆ,
ಯಾವುದು ಮುಂದು ಯಾವುದು ಹಿಂದು ತಿಳಿಯದ ಹಕ್ಕಿಗಳು,
ಮುಖವೇ ಇಲ್ಲದ ಹಾರೈಕೆ.
ಒಳ್ಳೆಯದಾಗಲಿ ಅನ್ನಲು ಮುಖ ಯಾಕೆ ಬೇಕು,
ನನಗೂ ಅದೇ ಅನುಕೂಲ.

ಮೂವತ್ತೊಂಬತ್ತಾದ ಮೇಲೆ ಎದ್ದು ಚಹಾ ಕಾಸಿದೆ.
ಕುಡಿಯಲಿಲ್ಲ.
ಕೊನೆಯ ಕಾಗದ ಬೂದುನೀಲಿ,
ಯಾವ ಮಕ್ಕಳೂ ಆರಿಸದ ಬಣ್ಣ.
ಹೆಬ್ಬೆರಳು ತಾನಾಗಿ ಹೋಗಿ
ತುದಿಯನ್ನು ಒಳಗೆ ತಳ್ಳಿ ಕೆಳಗೆ ಬಗ್ಗಿಸಿತು,
ಐದನೆಯ ವಯಸ್ಸಿನ ಅಭ್ಯಾಸ.
ಬಿಚ್ಚಿ ನೆಟ್ಟಗೆ ಮಾಡಲು ಹೋದೆ.
ಮಾಡಲಿಲ್ಲ.
ಬಾಗುವುದಕ್ಕೆ ನಮ್ಮಲ್ಲಿ ಎಷ್ಟೊಂದು ಅಳತೆ:
ಗಿರಾಕಿಗೆ ಇಷ್ಟು, ಗುರುಗಳಿಗೆ ಇಷ್ಟು,
ತಪ್ಪಿಗಾದರೆ ಸೊಂಟದಿಂದ, ನೆಲವಷ್ಟೇ ಕಾಣುವ ತನಕ.
ಕಾಗದಕ್ಕೆ ಸೊಂಟವಿಲ್ಲ.
ಕತ್ತು ಮಾತ್ರ.

ದಾರಕ್ಕೆ ಪೋಣಿಸುವಾಗ ಅದನ್ನು ನಡುವೆ ಇಟ್ಟೆ,
ಇಪ್ಪತ್ತೆರಡನೆಯದಾಗಿ,
ಅವಸರದ ಕಣ್ಣಿಗೆ ಬೀಳದ ಹಾಗೆ.

ಶನಿವಾರ ಬಂದಳು ತೋಕುನಾಗರ ಸೊಸೆ.
ಕಿಟಕಿಗೆ ಕಟ್ಟಿದೆವು, ಚೆನ್ನಾಗಿ ಕಾಣುತ್ತೆ ಅಂದಳು.
ಆಮೇಲೆ ತಡೆದು,
"ಯಾರೋ ಒಂದಕ್ಕೆ ಕತ್ತು ಬಗ್ಗಿಸಿಬಿಟ್ಟಿದ್ದಾರೆ.
ತೆಗೆಯೋಣ ಅಂದರೆ ಕಿನುಎ ಅವರು ಬಿಡಲಿಲ್ಲ.
ಮೂಗಿನ ಹತ್ತಿರ ಹಿಡಿದು ನಕ್ಕರು,
ಮೀನು ಅಂದರು."

ನಾನು ಏನೂ ಹೇಳಲಿಲ್ಲ.
ಮೋಡ ಕವಿದಿತ್ತು, ಒಣಹಾಕಿದ ತಟ್ಟಿಗಳನ್ನು
ಒಳಗೆ ತರಬೇಕಿತ್ತು.
ಎರಡು ತಂದೆ, ಮೂರನೆಯದನ್ನು ಹಿಡಿದು ನಿಂತು
ಕೇಳಿದೆ, ಆಸ್ಪತ್ರೆಗೆ ಮೆಟ್ಟಿಲು ಎಷ್ಟು ಅಂತ.

ಲಿಫ್ಟ್ ಇದೆ, ಅಂದಳು.